ಮೊದಲ ಕುರ್ಚಿಯ ಮೇಲೆ ಬಿಟ್ಟ ಕರಡಿಗಳು

ನನಗೆ ಅಕ್ಕನ ಗಂಡನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವನು ಚಪ್ಪಲಿ ಬಿಡುವ ರೀತಿ ಆಗುತ್ತಿರಲಿಲ್ಲ, ಒಂದು ಬಾಗಿಲಲ್ಲಿ, ಇನ್ನೊಂದು ಝೆರಾಕ್ಸ್ ಯಂತ್ರದ ಕೆಳಗೆ. ಚಹಾ ಕುಡಿದು ಲೋಟವನ್ನು ಕೀಬೋರ್ಡಿನ ಪಕ್ಕದಲ್ಲೇ ಇಡುವುದು ಆಗುತ್ತಿರಲಿಲ್ಲ. ಆಟದಲ್ಲಿ ಗೆದ್ದಾಗ ತೊಡೆ ತಟ್ಟಿ, 'ಏನ್ ಭಾಮೈದ, ಎಲ್ಲಿಗೆ ಬಂತು ನಿನ್ನ ಸೈನ್ಯ?' ಎಂದು ನಗುತ್ತಿದ್ದನಲ್ಲ, ಅದಂತೂ ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡ ಹಾಗಾಗುತ್ತಿತ್ತು. ಇದೆಲ್ಲ ಸಣ್ಣ ಮಾತು ಎಂದು ಯಾರಾದರೂ ಹೇಳಬಹುದು. ಹೇಳಲಿ, ಅವರಿಗೆ ಇಂಥ ಭಾವ ಇಲ್ಲ. ಎದುರಿಗೆ ನಾನೂ 'ಬರ್ರಿ ಭಾವ, ಕುಂದರ್ರಿ' ಎಂದೇ ಅನ್ನುತ್ತಿದ್ದೆ. ಬರೆಯಲು ಕೂತಾಗ ಮಾತ್ರ 'ಅವನು' ಎಂದೇ ಬರುತ್ತದೆ.

ಕೊಟ್ಟೂರಿನಲ್ಲಿ ಉಜ್ಜಿನಿ ರಸ್ತೆಗೆ ತಿರುಗುವ ಕಡೆ ನನ್ನ ಅಂಗಡಿ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಲಗ್ನದ ಕಾರ್ಡು, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು. ಮೊದಲು ಅದು ಕಂಪ್ಯೂಟರ್ ಕಲಿಸುವ ಕೇಂದ್ರವಾಗಿತ್ತು. ನಡೆಸುತ್ತಿದ್ದವಳು ಅಕ್ಕ. ಸಾಲಾಗಿ ನಾಲ್ಕು ಕಂಪ್ಯೂಟರು, ಮೊದಲನೆಯದು ಫ್ಯಾನಿನ ಕೆಳಗೆ. ಅದು ಅವಳ ಕುರ್ಚಿ. ಅಲ್ಲಿ ಕೂತು ಅವಳು ಅರ್ಧ ಊರಿನ ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸಿದಳು. ಭಾನುವಾರ ಕ್ಲಾಸು ಇರುತ್ತಿರಲಿಲ್ಲ. ಅವತ್ತು ನಾವಿಬ್ಬರೂ ಒಂದು ಹಳೆಯ ಆಟ ಆಡುತ್ತಿದ್ದೆವು. ಮರ ಕಡಿದು, ಗಣಿ ಅಗೆದು, ಊರು ಕಟ್ಟಿ, ಸೈನ್ಯ ಬೆಳೆಸಿ, ಇನ್ನೊಬ್ಬರ ಊರನ್ನು ಮುರಿಯುವ ಆಟ. ಅದರ ಜೊತೆಗೆ ಒಂದು ಎಡಿಟರ್ ಬರುತ್ತಿತ್ತು. ಅದರಲ್ಲಿ ನಮಗೆ ಬೇಕಾದ ನಕ್ಷೆಯನ್ನು ನಾವೇ ಮಾಡಿಕೊಳ್ಳಬಹುದು, ಗುಡ್ಡ ಎಲ್ಲಿ, ಹೊಳೆ ಎಲ್ಲಿ, ಯಾವ ಪ್ರಾಣಿ ಎಲ್ಲಿ ಮಲಗಿರಬೇಕು, ಎಲ್ಲ.

ಎಡಿಟರನ್ನು ನನಗೆ ಕಲಿಸಿದವಳೂ ಅಕ್ಕನೇ. ನನಗೆ ಆಗ ಹದಿನೇಳು. ನನ್ನ ಬಿಲ್ಲಿನವರು ಎದುರಿಗೆ ನಿಂತ ವೈರಿಯನ್ನು ಬಿಟ್ಟು ದೂರದ ಗೋಡೆಗೆ ಬಾಣ ಬಿಡುತ್ತಿದ್ದರು. ನಾನು ಅವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

'ಅವ್ರನ್ನ ಯಾಕ ಬೈತಿ?' ಎಂದಳು ಅಕ್ಕ. 'ಸೈನಿಕಗ ಬುದ್ಧಿ ಇರಂಗಿಲ್ಲ ತಮ್ಮಾ. ಎಷ್ಟು ದೂರದಿಂದ ನೋಡಬೇಕು, ಯಾರನ್ನ ಮೊದಲು ಹೊಡಿಬೇಕು, ಯಾರನ್ನ ಮುಟ್ಟಬಾರದು, ಎಲ್ಲಾ ನಕ್ಷಿ ಮಾಡಿದಾತನ ಕೈಯಾಗ ಐತಿ. ಅಲ್ಲಿ ನೋಡು, ಗ್ವಾಡಿಗೆ ನೀ ದೊಡ್ಡ ಅಂಕಿ ಕೊಟ್ಟಿ.'

ನಿಜ. ಗೋಡೆಗೆ ನಾನೇ ದೊಡ್ಡ ಅಂಕಿ ಕೊಟ್ಟಿದ್ದೆ. ಯಾವುದಕ್ಕೆ ದೊಡ್ಡ ಅಂಕಿ ಇದೆಯೋ ಅದು ಮೊದಲ ಗುರಿ. ಅವತ್ತಿನಿಂದ ನನಗೆ ಆಟಕ್ಕಿಂತ ಆ ಅಂಕಿಗಳ ಹುಚ್ಚು ಹಿಡಿಯಿತು. ಅಕ್ಕ ಮತ್ತು ನಾನು ಸೇರಿ ನಮ್ಮ ಸುತ್ತಮುತ್ತಲಿನ ನಕ್ಷೆ ಶುರು ಮಾಡಿದೆವು. ಪೂರ್ವಕ್ಕೆ ಕೂಡ್ಲಿಗಿ, ಉತ್ತರಕ್ಕೆ ಹಗರಿಬೊಮ್ಮನಹಳ್ಳಿ, ಅದರ ಆಚೆ ಹಡಗಲಿ, ಪಶ್ಚಿಮಕ್ಕೆ ಹರಪನಹಳ್ಳಿ. ನಾಲ್ಕು ಮಂದಿಗೆ ನಾಲ್ಕು ಊರು. ನಡುವೆ ಯಾರದೂ ಅಲ್ಲದ ಕೊಟ್ಟೂರು. ಅದನ್ನು ಹಿಡಿದವನು ಗೆದ್ದ ಹಾಗೆ. ಗುಡೇಕೋಟೆ ಕಡೆಯ ಗುಡ್ಡಗಳಲ್ಲಿ ಕರಡಿ ಇರುತ್ತವಲ್ಲ, ಆ ಕರಡಿಗಳನ್ನೂ ಅಲ್ಲಲ್ಲಿ ಗವಿ ಮಾಡಿ ಮಲಗಿಸಿದೆವು. ಹತ್ತಿರ ಹೋದರೆ ಹೊಡೆಯುತ್ತಿದ್ದವು, ದೂರ ಓಡಿದರೆ ತಿರುಗಿ ಗವಿಗೆ ಹೋಗಿ ಮಲಗುತ್ತಿದ್ದವು. ಯಾವ ಪಕ್ಷಕ್ಕೂ ಸೇರದ, ಮರ್ಯಾದಸ್ಥ ಕರಡಿಗಳು.

ನಕ್ಷೆ ಮುಗಿಯುವ ಮೊದಲೇ ಅಕ್ಕನ ಮದುವೆಯಾಯಿತು. ಹುಡುಗ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವನು, ಮೆಕ್ಕೆಜೋಳದ ವ್ಯಾಪಾರ. ಮದುವೆಯಾದ ತಿಂಗಳಿಗೆ, ಅಕ್ಕ ವಾರಕ್ಕೆ ಮೂರು ದಿನವಾದರೂ ಬಂದು ಕ್ಲಾಸು ನಡೆಸಲಿ ಎಂದು ಅಪ್ಪ ಕೇಳಿದ. ಭಾವ ಕಾಲ ಮೇಲೆ ಕಾಲು ಹಾಕಿಕೊಂಡು, 'ನಮ್ಮ ಮನೇಲಿ ಹೆಣ್ಮಕ್ಳು ಅಂಗಡೀಲಿ ಕೂರಲ್ಲ ಮಾವ' ಎಂದ. ಅಷ್ಟೇ. ಕೇಂದ್ರ ಮುಚ್ಚಿತು. ಅಂಗಡಿ ನನ್ನ ಪಾಲಿಗೆ ಬಂತು. ನಾನು ಕಾರ್ಡು ಮಾಡುವುದು ಕಲಿತೆ.

ಇದರಲ್ಲಿ ಹೊಟ್ಟೆ ಉರಿಸಿದ್ದು ಮುಂದಿನದು. ಹೆಣ್ಣುಮಕ್ಕಳು ಕೂರಬಾರದ ಅಂಗಡಿಗೆ ಅವನು ಭಾನುವಾರ ಭಾನುವಾರ ಬಂದು ಕೂರತೊಡಗಿದ. ಮೊದಲು ಸುಮ್ಮನೆ ನೋಡಿದ, ಆಮೇಲೆ ಆಡಿದ, ಆಮೇಲೆ ಗೆದ್ದ. ಕೂರುತ್ತಿದ್ದದ್ದು ಅಕ್ಕನ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ. ಅಳಿಯನನ್ನು ಇನ್ನೆಲ್ಲಿ ಕೂರಿಸುವುದು? ನಮ್ಮ ಮಂದಿಯಲ್ಲಿ ಅಳಿಯ ಬಂದರೆ ಮನೆಯ ಯಜಮಾನನೂ ಎದ್ದು ಜಾಗ ಬಿಡುತ್ತಾನೆ. ಭಾನುವಾರದ ಆಟಕ್ಕೆ ಇನ್ನಿಬ್ಬರು ಬರುತ್ತಿದ್ದರು. ಒಬ್ಬರು ಕೂಡ್ಲಿಗಿಯ ಹೈಸ್ಕೂಲು ಮಾಸ್ತರು, ಇನ್ನೊಬ್ಬ ಹಡಗಲಿಯಲ್ಲಿ ಔಷಧಿ ಅಂಗಡಿ ಇಟ್ಟವನು, ನನ್ನ ಜೊತೆ ಕಾಲೇಜು ಓದಿದವನು. ಅವರೂ ಅಷ್ಟೇ, ಭಾವ ಬರುವುದು ತಡವಾದರೂ ಆ ಕುರ್ಚಿಯನ್ನು ಖಾಲಿ ಬಿಟ್ಟು ಕೂರುತ್ತಿದ್ದರು. 'ಅದು ನಿಮ್ಮ ಭಾವನೋರದು' ಎನ್ನುತ್ತಿದ್ದರು ಮಾಸ್ತರು. ಅಳಿಯ ಮನೆ ತೊಳೆಯ ಅನ್ನುತ್ತಾರೆ, ನಮ್ಮ ಅಳಿಯ ಅಂಗಡಿಯನ್ನೂ ಬಿಡಲಿಲ್ಲ.

ಅಪ್ಪ ತೀರಿಕೊಂಡದ್ದು ಚಳಿಗಾಲದಲ್ಲಿ. ಶಿವಗಣಾರಾಧನೆಯ ಕಾರ್ಡನ್ನು ನಾನೇ ಮಾಡಿದೆ. ಊರಿನವರಿಗೆಲ್ಲ ಮಾಡಿಕೊಡುವವನು ಸ್ವಂತ ಅಪ್ಪನದನ್ನು ಬೇರೆ ಕಡೆ ಮಾಡಿಸುವುದುಂಟೆ? ಕೆಳಗೆ ದುಃಖತಪ್ತರ ಹೆಸರು ಬರುತ್ತದೆ. ಹೆಂಡತಿ, ಮಗ, ಸೊಸೆ, ಮಗಳು, ಅಳಿಯ, ಹೀಗೆ ಒಂದು ಕ್ರಮ ಇದೆ. ನಾನು ಅಳಿಯನ ಹೆಸರನ್ನು ಆ ಸಾಲಿನಿಂದ ತೆಗೆದು, ಬಂಧು ಬಳಗ ಹಾಗೂ ಮಿತ್ರರು ಎನ್ನುವುದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಔಷಧಿ ಅಂಗಡಿಯವನ ಹೆಸರಾದ ಮೇಲೆ ಹಾಕಿದೆ. ಯಾಕೆ ಹೀಗಾಯಿತು ಎಂದು ಅವ್ವ ಕೇಳಿದಾಗ ಜಾಗ ಸಾಲಲಿಲ್ಲ ಎಂದೆ. ಹದಿನೈದು ವರ್ಷದಿಂದ ಕಾರ್ಡು ಮಾಡುವವನಿಗೆ ಒಂದು ಹೆಸರಿಗೆ ಜಾಗ ಸಾಲಲಿಲ್ಲವಂತೆ. ಬೇಕೆಂದೇ ಮಾಡಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ, ಆಗ ಒಪ್ಪಿಕೊಳ್ಳಲಿಲ್ಲ.

ಅವನೂ ಕಡಿಮೆಯವನಲ್ಲ. ಗಣಾರಾಧನೆಯ ದಿನ ಬಂದ, ಪೂಜೆ ಮುಗಿಯುವವರೆಗೂ ಕೈಕಟ್ಟಿ ನಿಂತ. ಪ್ರಸಾದಕ್ಕೆ ಪಂಕ್ತಿ ಕೂತ ಮೇಲೆ, ಎಲ್ಲರೂ ನೋಡುವ ಹಾಗೆ, ಜೇಬಿನಿಂದ ಕಾರ್ಡು ತೆಗೆದು ನನ್ನ ಎದುರು ಇಟ್ಟು, 'ಮಿತ್ರರು ಆಮೇಲೆ ಉಣ್ತಾರಂತೆ' ಎಂದು ಹೊರಟ. ಹೋಗುವಾಗ ಅಕ್ಕನನ್ನೂ ಎಬ್ಬಿಸಿಕೊಂಡು ಹೋದ. ಅವಳು ಅಪ್ಪನ ಪ್ರಸಾದಕ್ಕೆ ಕೈ ಹಾಕಿರಲಿಲ್ಲ. ಎಲೆಯ ಮುಂದೆ ಇಟ್ಟಿದ್ದ ನೀರಿನ ಲೋಟ ಹಾಗೇ ಉಳಿಯಿತು. ಅವ್ವ ಬಾಗಿಲವರೆಗೆ ಹೋಗಿ ಕರೆದಳು. ಅಕ್ಕ ತಿರುಗಿ ನೋಡಿದಳು, ಬರಲಿಲ್ಲ. ಅವತ್ತಿನಿಂದ ಅವಳು ತವರಿನ ಹೊಸ್ತಿಲು ತುಳಿಯಲಿಲ್ಲ.

ಮರುದಿನ ಮನೆಯಲ್ಲಿ ಪಾತ್ರೆ ತೊಳೆಯುವವರು, ಶಾಮಿಯಾನ ಬಿಚ್ಚುವವರು. ನಾನು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಷಟರ್ ಅರ್ಧ ಎಳೆದುಕೊಂಡು ಎಡಿಟರ್ ತೆರೆದೆ.

ಏನು ಮಾಡಿದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಜೀವನದಲ್ಲಿ ಬೇರೆ ಮಾಡಿಲ್ಲ. ಆಟಕ್ಕೆ ಮನುಷ್ಯರ ಪರಿಚಯವಿಲ್ಲ. ಒಂದನೇ ಆಟಗಾರ, ಎರಡನೇ ಆಟಗಾರ, ಅಷ್ಟೇ ಗೊತ್ತು. ನಮ್ಮಲ್ಲಿ ಒಂದನೆಯವನು ಯಾವಾಗಲೂ ಮೊದಲ ಕುರ್ಚಿಯವನು, ಹಳದಿ ಬಣ್ಣ, ಊರು ಹರಪನಹಳ್ಳಿ. ನಾನು ಕರಡಿಗಳಿಗೆ ನಿಯಮ ಬರೆದೆ. ಹಳದಿಯವರ ಆಳುಗಳು, ಅಂದರೆ ಮರ ಕಡಿಯುವ, ಗಣಿ ಅಗೆಯುವ ಬಡಪಾಯಿಗಳು, ಗವಿಯಿಂದ ಎಷ್ಟೇ ದೂರ ಇದ್ದರೂ ಕರಡಿಗೆ ಕಾಣಬೇಕು. ಸೈನಿಕ, ಆಳು ಇಬ್ಬರೂ ಸಿಕ್ಕರೆ ಆಳನ್ನೇ ಮೊದಲು ಹೊಡೆಯಬೇಕು. ದಾರಿಯಲ್ಲಿ ಬೇರೆ ಬಣ್ಣದವರು ನಿಂತಿದ್ದರೆ ಪಕ್ಕಕ್ಕೆ ಸರಿದು ಹೋಗಬೇಕು. ಕೆಲಸ ಮುಗಿಯುವವರೆಗೆ ಗವಿಗೆ ತಿರುಗಬಾರದು. ಎಲ್ಲ ಕರಡಿಗಳೂ ಒಟ್ಟಿಗೆ ಎದ್ದರೆ ಯಾರಿಗಾದರೂ ಸಂಶಯ ಬರುತ್ತದೆ. ಅದಕ್ಕೆ ಒಂದೊಂದಾಗಿ, ನಡುವೆ ಹೊತ್ತು ಬಿಟ್ಟು ಏಳುವ ಹಾಗೆ ಮಾಡಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸೈನ್ಯದ ಮೇಲೆ ಯಾಕೆ ಬಿಡಲಿಲ್ಲ ಎಂದರೆ, ಸೈನ್ಯ ಸತ್ತರೆ ಮನುಷ್ಯ ವೈರಿಯನ್ನು ಹುಡುಕುತ್ತಾನೆ. ಆಳು ಕಡಿಮೆಯಾದರೆ ತನ್ನ ಸಂಸಾರವೇ ಸರಿಯಿಲ್ಲ ಅಂದುಕೊಳ್ಳುತ್ತಾನೆ. ಅವನು ಹಾಗೆ ಅಂದುಕೊಳ್ಳಬೇಕಿತ್ತು. ನಿಯಮಗಳಿಗೆ ಹೆಸರು ಕೊಡಬೇಕಾಗುತ್ತದೆ. ಭಾವ ಒಂದು, ಭಾವ ಎರಡು ಎಂದು ಏಳರವರೆಗೆ ಕೊಟ್ಟೆ. ನಾನೇ ಮೊದಲ ಕುರ್ಚಿಯಲ್ಲಿ ಕೂತು ಕರಡಿಗಳನ್ನು ನನ್ನ ಮೇಲೆ ಬಿಟ್ಟುಕೊಂಡು ನೋಡಿದೆ. ಗಡಿಯಾರದ ಹಾಗೆ ಕೆಲಸ ಮಾಡಿದವು.

ಎರಡು ತಿಂಗಳು ಅವನು ಸುಳಿಯಲಿಲ್ಲ. ನಾನು ಕಾದೆ. ಬರುತ್ತಾನೆ ಎಂದು ಗೊತ್ತಿತ್ತು. ನಮ್ಮ ಕಡೆ ಮುನಿಸಿಗೂ ಒಂದು ಕಾನೂನಿದೆ. ಮುನಿದವನು ಮನೆಯ ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ಆದರೆ ಅಂಗಡಿ ಮನೆಯಲ್ಲ, ಅದು ಬಜಾರು. ಬಜಾರಿಗೆ ಯಾರು ಬೇಕಾದರೂ ಬರಬಹುದು. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬಂದ, ಚಪ್ಪಲಿ ಎರಡು ದಿಕ್ಕಿಗೆ ಬಿಟ್ಟ, ಫ್ಯಾನಿನ ಕೆಳಗೆ ಕೂತ. ನನ್ನ ಮುಖ ನೋಡದೆ ಮಾಸ್ತರಿಗೆ ಹೇಳಿದ, 'ನಿಮ್ಮ ಗೆಳೆಯಗೆ ಹೇಳ್ರಿ ಮಾಸ್ತರೆ, ಆಟ ಹಚ್ಚು ಅಂತ.'

ಮಾಸ್ತರು ನನ್ನ ಕಡೆ ತಿರುಗಿ, 'ಆಟ ಹಚ್ಚಬೇಕಂತ್ರಿ' ಎಂದರು. ಮೂರು ಅಡಿ ದೂರದಲ್ಲಿ ಕೂತ ನನಗೆ ಕೇಳಿಸಿಲ್ಲವೇನೋ ಎನ್ನುವ ಹಾಗೆ.

'ಹಚ್ಚೀನಿ ಅಂತ ಹೇಳ್ರಿ' ಎಂದೆ ನಾನು.

ಹೀಗೆ ನಡೆಯಿತು ನಮ್ಮ ಯುದ್ಧ. ಮೊದಲ ಭಾನುವಾರ ಅವನು ಸೋತ. ಎರಡನೆಯ ಭಾನುವಾರ ಇನ್ನೂ ಬೇಗ ಸೋತ. ಮೂರನೆಯ ವಾರ ಕಾಗದದ ಮೇಲೆ ಏನೋ ಲೆಕ್ಕ ಬರೆದುಕೊಂಡು ಬಂದು ಸೋತ. ಅವನ ಆಳುಗಳು ಕೊಡಲಿ ಹೊತ್ತು ಕಾಡಿಗೆ ಹೋಗುತ್ತಿದ್ದವು, ತಿರುಗಿ ಬರುತ್ತಿರಲಿಲ್ಲ. 'ಥೂ, ನಮ್ಮ ಕಡೆ ಕಾಡೇ ಸರಿಯಿಲ್ಲ ಕಣ್ರಿ ಮಾಸ್ತರೆ' ಎನ್ನುತ್ತಿದ್ದ. ತೊಡೆ ತಟ್ಟುವುದು ನಿಂತಿತು. ಒಂದು ವಾರ ಕೂದಲಿಗೆ ಬಣ್ಣ ಹಚ್ಚದೆ ಬಂದಿದ್ದ, ಒಮ್ಮೆಲೇ ವಯಸ್ಸಾದವನ ಹಾಗೆ ಕಂಡ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತು ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದೆ. ಅವನೂ ತಿಂದ. ಬಜಾರಿನ ತಿಂಡಿ, ಮನೆಯದಲ್ಲವಲ್ಲ. ತಿನ್ನುವಾಗ ಮಾಸ್ತರಿಗೆ, 'ಭಾಳ ಖಾರ ಮಾಡ್ಯಾನೆ' ಎಂದ. ಅದು ಮಿರ್ಚಿಯವನ ಬಗ್ಗೆ ಹೇಳಿದ್ದು, ಆದರೂ ನನಗೆ ಹಾಲು ಕುಡಿದಷ್ಟು ತಂಪಾಯಿತು.

ಅವ್ವನಿಗೆ ಇದರ ಸುದ್ದಿಯೇ ಗೊತ್ತಿರಲಿಲ್ಲ. ಅವಳದು ಒಂದೇ ಹಾಡು. ಆಷಾಢ ಹಿಡಿಯುತ್ತಿದ್ದಂತೆ ಶುರುವಾಯಿತು. 'ಪಂಚಮಿಗೆ ಆಕಿ ಬರದಿದ್ರ ನಾ ಉಂಡಿ ಕಟ್ಟಂಗಿಲ್ಲ. ಹೋಗಿ ಕರಕೊಂಡು ಬಾ.' ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಹೆಣ್ಣುಮಗಳು ತವರಿಗೆ ಬರಬೇಕು. ಅಪ್ಪ ಹೋದ ಮೇಲೆ ಬರುವ ಮೊದಲ ಪಂಚಮಿ. 'ಅಪ್ಪ ಇಲ್ಲಂತ ತವರು ತೀರಿತು ಅಂದ್ಕೊಂಡಾಳು' ಎಂದು ಅವ್ವ ಅಳುತ್ತಿದ್ದಳು. ನಾನು, 'ಆತ ಕಳಿಸಂಗಿಲ್ಲ ಬಿಡವ್ವ' ಎನ್ನುತ್ತಿದ್ದೆ. ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟಿದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಪಂಚಮಿಗೆ ಒಂದು ವಾರ ಇರುವಾಗ, ಭಾನುವಾರ ಮಧ್ಯಾಹ್ನ, ಭಾವನ ಜೊತೆ ಅಕ್ಕ ಅಂಗಡಿಗೆ ಬಂದಳು.

ಆರು ತಿಂಗಳಾಗಿತ್ತು ನಾನು ಅವಳನ್ನು ನೋಡಿ. ಕೆನ್ನೆ ಬತ್ತಿದ್ದವು. ಕೈಯಲ್ಲಿ ಹಡಗಲಿ ಮಲ್ಲಿಗೆಯ ಪೊಟ್ಟಣ, ಅವ್ವನಿಗೆಂದು ತಂದಿದ್ದಳು. ಅಂಗಡಿಯ ನಡುವೆ ನಿಂತು ನಾಲ್ಕು ಕಂಪ್ಯೂಟರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ನೇರವಾಗಿ ಹೇಳಿದಳು.

'ನಂಗ ಸಾಕಾಗೈತಿ. ಒಬ್ರಿಗೊಬ್ರು ಮಾತಾಡಂಗಿಲ್ಲ, ಎಲ್ಲಾ ಮಾಸ್ತರ ಕೈಲಿ ಮಾತಾಡಸ್ತೀರಿ. ಇವತ್ತು ಕಡೀ ಆಟ. ಮುಗದ ಮ್ಯಾಲ ಎಲ್ಲಾರೂ ಕೂಡಿ ಮನಿಗೆ ಹೋಗೂಣು. ನಾ ಪಂಚಮಿ ಮುಗಿಸಿಕೊಂಡ ಬರ್ತೀನಿ. ಇವ್ರು ಒಪ್ಪ್ಯಾರ.'

ಭಾವ ಗೋಡೆ ನೋಡಿಕೊಂಡು, 'ಹೂಂ ಅಂದೀನಿ' ಎಂದು ಗೊಣಗಿದ.

ಅವ್ವ ಮನೆಯಲ್ಲಿದ್ದಳು, ಕೂಗಿದರೆ ಕೇಳುವಷ್ಟು ದೂರದಲ್ಲಿ. ಆ ಕ್ಷಣದಲ್ಲೇ ಎದ್ದು ಷಟರ್ ಎಳೆದು ಹೊರಟಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಮಾಸ್ತರು, 'ಆಡ್ರಿ ಆಡ್ರಿ, ರಾಜಿ ಆಟ' ಎಂದು ಹುರುಪಿನಿಂದ ಕೈ ಉಜ್ಜಿದರು. ಈ ಮಾಸ್ತರು ಯಾವತ್ತೂ ಯಾರ ಕಡೆಗೂ ಇರದೆ ಎಲ್ಲರಿಗೂ ತೊಂದರೆ ಮಾಡುವ ಮನುಷ್ಯ. ಭಾವ ಕುರ್ಚಿಯ ಕಡೆ ಹೊರಟ. ಅಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು.

'ನೀವು ಚಾ ಕುಡೀರಿ. ಇವತ್ತು ನಾ ಆಡ್ತೀನಿ.'

ಸೆರಗು ಸಿಕ್ಕಿಸಿಕೊಂಡು ಫ್ಯಾನಿನ ಕೆಳಗೆ, ತನ್ನ ಹಳೆಯ ಕುರ್ಚಿಯಲ್ಲಿ ಕೂತಳು.

ನಾನು ಈ ಒಂದನ್ನು ಯೋಚಿಸಿರಲಿಲ್ಲ. ಅಳಿಯನ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ ಎನ್ನುವುದು ನಮ್ಮ ಮನೆಯಲ್ಲಿ ಹುಟ್ಟಿದವನ ತಲೆಗೆ ಹೊಳೆಯುವುದಿಲ್ಲ. ಒಂದನೇ ಆಟಗಾರ ಅಂದರೆ ಭಾವ, ಬೇರೆ ಯಾರೂ ಅಲ್ಲ, ಆಗಲು ಸಾಧ್ಯವೇ ಇಲ್ಲ ಎಂದೇ ನಾನು ಏಳು ನಿಯಮ ಬರೆದದ್ದು. ಬೇರೆ ಕಡೆಯವನಾಗಿದ್ದರೆ ಮೊದಲೇ ಯೋಚಿಸುತ್ತಿದ್ದನೇನೋ. ಅಳಿಯನ ಮೇಲೆ ಎಷ್ಟೇ ಮುನಿಸಿದ್ದರೂ ಮಗಳ ಮೇಲೆ ಕೈ ಮಾಡುವವರಲ್ಲ ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ನನ್ನ ಕಂಪ್ಯೂಟರಿನಲ್ಲಿ ಹಳೆಯ ನಕ್ಷೆಯೂ ಇತ್ತು, ಅಕ್ಕನ ಮದುವೆಗೆ ಮೊದಲು ಇಬ್ಬರೂ ಸೇರಿ ಮಾಡಿದ್ದು, ಕರಡಿಗಳು ಮರ್ಯಾದೆಯಿಂದ ಇದ್ದ ಕಾಲದ್ದು. ಅದನ್ನು ಹಚ್ಚಬಹುದಿತ್ತು. ಕೈ ಅದರ ಹತ್ತಿರ ಹೋಯಿತು ಕೂಡ. ಆದರೆ ಅದರಲ್ಲಿ ಊರಿನ ಬಣ್ಣ, ಗುಡ್ಡ ಎಲ್ಲ ಸ್ವಲ್ಪ ಬೇರೆ. ಔಷಧಿ ಅಂಗಡಿಯವನು ನೋಡಿದ ಕೂಡಲೇ, 'ಇದ್ಯಾಕ ಬ್ಯಾರೆ ಐತಿ?' ಎಂದು ಕೇಳುತ್ತಾನೆ. ಯಾಕೆ ಬದಲಿಸಿದೆ ಎಂದು ಭಾವ ಕೇಳುತ್ತಾನೆ. ಅವನ ಎದುರು ಬಾಯಿ ತಡವರಿಸುವುದಕ್ಕಿಂತ ಅಕ್ಕ ಹತ್ತು ನಿಮಿಷದಲ್ಲಿ ಸೋಲುವುದೇ ವಾಸಿ ಎನಿಸಿತು. ಆಡಿ ಎಷ್ಟೋ ವರ್ಷವಾಗಿದೆ, ಬೇಗ ಸೋಲುತ್ತಾಳೆ, ನಗುತ್ತಾ ಮನೆಗೆ ಹೋಗುತ್ತೇವೆ. ಹೀಗೆ ಲೆಕ್ಕ ಹಾಕಿ ಆಟ ಹಚ್ಚಿದೆ.

ಅವಳು ಬೇಗ ಸೋಲಲಿಲ್ಲ. ಅದೇ ಎಡವಟ್ಟಾಯಿತು. ಮೊದಲ ಕರಡಿ ಬಂದು ಇಬ್ಬರು ಆಳುಗಳನ್ನು ಕೆಡವಿದಾಗ, 'ಅಯ್ಯ, ಇದೆಲ್ಲಿಂದ ಬಂತು?' ಎಂದು ನಕ್ಕಳು. ಎರಡನೆಯದು ಬಂದಾಗ ಆಳುಗಳನ್ನು ಊರೊಳಗೆ ಕರೆದುಕೊಂಡಳು. ಕರಡಿ ಊರೊಳಗೂ ಬಂತು. ಅವಳ ಸೈನಿಕರು ಅದನ್ನು ಹೊಡೆಯುತ್ತಿದ್ದರೆ ಅದು ಅವರ ಕಡೆ ತಿರುಗಿಯೂ ನೋಡದೆ ಆಳಿನ ಹಿಂದೆ ಮನೆಯಿಂದ ಮನೆಗೆ ಓಡುತ್ತಿತ್ತು. ಅಕ್ಕನ ನಗು ನಿಂತಿತು. ಅವಳು ಮತ್ತೆ ಕಟ್ಟಿದಳು, ಮತ್ತೆ ಆಳು ಬೆಳೆಸಿದಳು, ಮತ್ತೆ ಕರಡಿ ಬಂತು. ಮಾಸ್ತರು, 'ಪಾಪ, ಅಕ್ಕಾರ ದೈವ ಸರಿ ಇಲ್ಲ' ಎಂದರು. ಭಾವ ಅವಳ ಹಿಂದೆ ನಿಂತು ಚಹಾ ಹೀರುತ್ತಾ, 'ನೋಡ್ದೇನೇ? ನಾನು ದಿನಾ ಹೇಳ್ತಿದ್ನಲ್ಲ, ಹಿಂಗೇ ಆಗೋದು' ಎಂದ.

ನಾನು ನನ್ನ ಪರದೆ ನೋಡುತ್ತಾ ಕೂತೆ. ಒಂದು ಮಾತು ಸಾಕಿತ್ತು. ನಕ್ಷೆ ಕೆಟ್ಟಿದೆ ಎಂದು ಸುಳ್ಳಾದರೂ ಹೇಳಬಹುದಿತ್ತು. ಹೇಳಲು ತಲೆ ಎತ್ತಿದೆ, ಭಾವನ ಮುಖ ನೋಡಿ ಮತ್ತೆ ಪರದೆಗೆ ತಿರುಗಿದೆ. ಒಮ್ಮೆಯಲ್ಲ, ನಾಲ್ಕೈದು ಬಾರಿ.

ಅರ್ಧ ತಾಸಿನ ಹೊತ್ತಿಗೆ ಅಕ್ಕ ಆಡುವುದನ್ನು ಬಿಟ್ಟು ಪರೀಕ್ಷೆ ಮಾಡತೊಡಗಿದಳು. ನನಗೆ ಗೊತ್ತಾಯಿತು, ಏಕೆಂದರೆ ಅವಳ ಕೈ ನಿಧಾನವಾಯಿತು. ಕೂಡ್ಲಿಗಿಯ ಮಾಸ್ತರ ದೊಡ್ಡ ದಂಡು ಒಂದು ಗವಿಯ ಬಾಯಲ್ಲೇ ನಿಂತಿತ್ತು, ಕರಡಿ ಎದ್ದಿರಲಿಲ್ಲ. ಅವಳು ತನ್ನ ಒಬ್ಬನೇ ಒಬ್ಬ ಆಳನ್ನು ಆ ಗವಿಯ ಕಡೆ ಕಳಿಸಿ, ಗವಿ ಇನ್ನೂ ಬಹಳ ದೂರ ಇರುವಾಗಲೇ ನಿಲ್ಲಿಸಿದಳು. ಕರಡಿ ಎದ್ದಿತು. ಮಾಸ್ತರ ಸೈನಿಕರ ಕಾಲ ಸಂದಿಯಲ್ಲಿ ನುಸುಳಿ, ಅಷ್ಟು ದೂರ ಬಂದು, ಆ ಆಳನ್ನು ಕೊಂದಿತು. ಅವಳು ಇನ್ನೊಂದು ಗವಿಯ ಕಡೆ ಇನ್ನೊಬ್ಬನನ್ನು ಕಳಿಸಿದಳು. ಅಲ್ಲೂ ಅದೇ. ಮೂರನೆಯ ಬಾರಿ ಆಳನ್ನು ಕಳಿಸಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೌಸ್ ಬಿಟ್ಟು ಎದ್ದು ನಿಂತುಬಿಟ್ಟಿದ್ದೆ.

ಅವಳು ಆಟದಿಂದ ಹೊರಗೆ ಬಂದು ಅಲ್ಲೇ ಎಡಿಟರ್ ತೆರೆದಳು. ಬೆರಳುಗಳಿಗೆ ಏನೂ ಮರೆತಿರಲಿಲ್ಲ. ನಿಯಮಗಳ ಪಟ್ಟಿ ಬಂತು. ಭಾವ ಒಂದು, ಭಾವ ಎರಡು, ಭಾವ ಮೂರು. ಒಂದೊಂದನ್ನೂ ತೆಗೆದು ಪೂರ್ತಿ ಓದಿದಳು. ಆಮೇಲೆ ಆ ಕಡತವನ್ನು ಯಾವತ್ತು ಮಾಡಿದ್ದು ಎಂದು ನೋಡಿದಳು. ತಾರೀಕು ಇತ್ತು.

'ಅಪ್ಪನ ಗಣಾರಾಧನಿ ಮರುದಿನ' ಎಂದಳು. ಯಾರಿಗೂ ಹೇಳಿದ ಹಾಗಿರಲಿಲ್ಲ.

ಭಾವ ಬಗ್ಗಿ ಪರದೆ ನೋಡಿದ. ಓದಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಡೆಯುತ್ತಾನೆ ಎಂದು ನಾನು ತಯಾರಾಗಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಬಿಡುತ್ತಿದ್ದೆ. ಆದರೆ ಅವನ ಮುಖ ನಿಧಾನವಾಗಿ ಅರಳಿತು.

'ಅಂದ್ರೆ ನಾನು ಸೋತೇ ಇಲ್ಲ' ಎಂದ. 'ಮಾಸ್ತರೆ, ನೋಡ್ರಿ ಇಲ್ಲಿ, ನಾನು ಸೋತೇ ಇಲ್ಲ. ಇಷ್ಟು ದಿನ ತಲೆ ಕೆಟ್ಟುಹೋಗಿತ್ತು ನಂಗೆ.' ತೊಡೆ ತಟ್ಟಿ ನಕ್ಕ. ಗಣಾರಾಧನೆಯಿಂದ ಈಚೆಗೆ ಮೊದಲ ಬಾರಿ ನನ್ನ ಮುಖ ನೋಡಿ ಮಾತಾಡಿದ, 'ಲೇ ಭಾಮೈದ, ಒಬ್ಬನಿಗೋಸ್ಕರ ಇಷ್ಟೆಲ್ಲ ಬರೆದ್ಯಾ? ಭಾರೀ ಇದೀಯಪ್ಪ.'

ಹೀಗೆ ಅವನ ಮುನಿಸು ಮುಗಿಯಿತು. ಗೆದ್ದವನ ಹಾಗೆ ನನ್ನ ಭುಜ ತಟ್ಟಿದ. ಆ ಕೈ ಕಡಿಯಬೇಕೆನಿಸಿತು.

ಅಕ್ಕ ಮಲ್ಲಿಗೆಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು, 'ಅವ್ವಗ ಕೊಡು' ಎಂದಳು. ಗಂಡನಿಗೆ, 'ಏಳ್ರಿ, ಬಸ್ಸಿನ ಹೊತ್ತಾತು' ಎಂದಳು. ಅವನು, 'ಅಲ್ಲ ಕಣೇ, ಮನೆಗೆ ಹೋಗೋಣ ಅಂದಿದ್ಯಲ್ಲ' ಎಂದರೂ ಅಕ್ಕ ನಿಲ್ಲಲಿಲ್ಲ. ಅವಳು ಮನೆಯ ಕಡೆ ತಿರುಗಲಿಲ್ಲ, ಬಸ್ ಸ್ಟ್ಯಾಂಡಿನ ಕಡೆ ಹೋದಳು. ಹೂವನ್ನು ಅವ್ವನಿಗೆ ಕೊಟ್ಟೆ. ಯಾರು ಕೊಟ್ಟರು ಎಂದಾಗ ಬಜಾರಿನಲ್ಲಿ ತಂದೆ ಎಂದು ಹೇಳಿದೆ.

ಪಂಚಮಿಯ ಹಿಂದಿನ ದಿನ, ಕರೆಯಲು ಹೋಗುತ್ತೇನೆ ಎಂದ ಮೇಲೆ ಅವ್ವ ಕಟ್ಟಿದ ಉಂಡಿಯ ಡಬ್ಬಿ, ಒಂದು ಸೀರೆ ಹಿಡಿದುಕೊಂಡು ಅರಸೀಕೆರೆಗೆ ಹೋದೆ. ಬಸ್ಸಿನಲ್ಲಿ ಪೂರ್ತಿ ಸಿಟ್ಟಿನಲ್ಲೇ ಇದ್ದೆ. ಅವನೇ ತಲೆ ಕೆಡಿಸಿರುತ್ತಾನೆ, ಹೋಗಬೇಡ ಎಂದಿರುತ್ತಾನೆ, ಎದುರು ನಗುತ್ತಾ ಒಳಗೊಳಗೆ ಕತ್ತಿ ಮಸೆಯುವ ಜಾತಿ. ಏನೇನು ಬೈಯಬೇಕು ಎಂದು ಸಾಲಾಗಿ ಜೋಡಿಸಿಕೊಂಡು ಇಳಿದೆ.

ಭಾವನೇ ಎದುರು ಬಂದ. 'ಬಾ ಭಾಮೈದ, ಒಳಗೆ ಬಾ.' ತಾನೇ ನೀರು ತಂದುಕೊಟ್ಟ. ನಾನು ಚೀಲ ಮುಂದಿಟ್ಟು, 'ಅಕ್ಕನ್ನ ಕರಿಯಾಕ ಬಂದೀನ್ರಿ' ಎಂದೆ. ಅವನು ಒಳಗೆ ಹೋದ. ಅಡುಗೆಮನೆಯಿಂದ ಅವನ ದನಿ ಕೇಳುತ್ತಿತ್ತು, 'ಹೋಗಿ ಬಾರೇ. ವರ್ಷದ ಹಬ್ಬ. ಅತ್ತೆ ದಾರಿ ನೋಡ್ತಿರ್ತಾರೆ, ನಿನ್ನ ತಮ್ಮ ಬಂದು ಕೂತಾನೆ.' ಹೊರಗೆ ಬಂದು ತಲೆ ಕೆರೆದುಕೊಂಡ.

'ಬರಲ್ವಂತೆ.'

'ನೀವ ಬಿಡವಲ್ರಿ' ಎಂದೆ. ಜೋಡಿಸಿಕೊಂಡು ಬಂದದ್ದರಲ್ಲಿ ಮೊದಲನೆಯದು ಅದೇ ಇತ್ತು.

'ನಾನೇ ಮೂರು ದಿನದಿಂದ ಹೇಳ್ತಾ ಇದೀನಪ್ಪ' ಎಂದ ಅವನು. ಸುಳ್ಳು ಹೇಳುವವನ ಮುಖ ನನಗೆ ಗೊತ್ತಿದೆ, ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಅವನು ಹೇಳುತ್ತಿದ್ದದ್ದು ನಿಜ.

ಆಗ ಅಕ್ಕ ಬಾಗಿಲಿಗೆ ಬಂದು ನಿಂತಳು. ಕೈಯೆಲ್ಲ ಹಿಟ್ಟಾಗಿತ್ತು.

'ಅಕ್ಕಾ, ಅದು ನಿನ್ನ ಮ್ಯಾಲ ಬರದದ್ದಲ್ಲ' ಎಂದೆ. 'ಇವ್ರ ಮ್ಯಾಲ ಬರದದ್ದು.' ಭಾವ ಅಲ್ಲೇ ನಿಂತಿದ್ದ. ಅವನ ಎದುರೇ ಹೇಳಿದೆ.

'ಗೊತ್ತೈತಿ' ಎಂದಳು. 'ಇವ್ರ ಮ್ಯಾಲ ಬರದದ್ದಕ್ಕ ನಂಗೇನು ಸಿಟ್ಟಿಲ್ಲ. ಇವ್ರೂ ಅವತ್ತು ನನ್ನ ಎಲಿ ಮುಂದಿಂದ ಎಬ್ಬಿಸಿದ್ರು, ಅದನ್ನ ಇವ್ರ ಹತ್ರ ನಾ ನೋಡ್ಕೊಂತೀನಿ.'

'ಮತ್ತ?'

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. 'ಕರಡಿಗೆ ನಾ ಯಾರಂತ ಗೊತ್ತಿರಲಿಲ್ಲ ತಮ್ಮಾ. ನಿನಗ ಗೊತ್ತಿತ್ತು. ಮುಕ್ಕಾಲು ತಾಸು ಎದುರಿಗೆ ಕುಂತು ನೋಡಿದಿ.'

ನಾನು ಚೀಲದಿಂದ ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ. ಅವಳು ಡಬ್ಬಿಯಿಂದ ಅವ್ವನ ಉಂಡಿಗಳನ್ನು ತೆಗೆದುಕೊಂಡು, ಖಾಲಿ ಡಬ್ಬಿಗೆ ತನ್ನ ಮನೆಯ ಉಂಡಿ ತುಂಬಿ ಅವ್ವನಿಗೆಂದು ಕೊಟ್ಟಳು. ಸೀರೆ ಚೀಲದಲ್ಲೇ ಉಳಿಯಿತು.

ಮೂರು ವರ್ಷವಾಯಿತು. ಅವ್ವನನ್ನು ನೋಡಬೇಕೆನಿಸಿದರೆ ಅವ್ವನನ್ನೇ ಕರೆಸಿಕೊಳ್ಳುತ್ತಾಳೆ, ನನ್ನ ಮನೆಗೆ ಬರುವುದಿಲ್ಲ. ಪ್ರತಿ ಪಂಚಮಿಗೆ ನಾನು ಕರೆಯಲು ಹೋಗುತ್ತೇನೆ. ಭಾವ ಬಾಗಿಲು ತೆಗೆಯುತ್ತಾನೆ, ಕೂರಿಸುತ್ತಾನೆ, ನೀರು ಕೊಡುತ್ತಾನೆ. ಒಳಗೆ ಹೋಗಿ ನನ್ನ ಪರವಾಗಿ ಅವಳನ್ನು ಕೇಳಿ ಬರುವವನೂ ಅವನೇ.